ಬೆನ್ನ ಹಿಂದೆ ಬೀಳುವ ಚೆಂಡು

ಕಾಲೇಜಿಗೆ ಹೊಸದಾಗಿ ಪಿ.ಡಿ., ಅಂದರೆ ಆಟ ಆಡಿಸುವ ಮೇಷ್ಟ್ರು, ಆಗಿ ಸೇರುವವರಿಗೆ ಯಾರೂ ಹೇಳದ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕೆಲಸದಲ್ಲಿ ನಿಮಗೆ ಜೊತೆ ಇರುವುದಿಲ್ಲ. ಕನ್ನಡ ವಿಭಾಗದಲ್ಲಿ ನಾಲ್ಕಾರು ಜನ ಇರುತ್ತಾರೆ, ಕಾಮರ್ಸ್‌ನಲ್ಲಿ ಇನ್ನೂ ಹೆಚ್ಚು. ಮಧ್ಯಾಹ್ನ ಡಬ್ಬಿ ಬಿಚ್ಚಿ ಒಬ್ಬರ ಪಲ್ಯವನ್ನು ಇನ್ನೊಬ್ಬರು ತಿನ್ನುತ್ತಾರೆ, ಅಲ್ಲಿಲ್ಲದವರ ಮೇಲೆ ಚಾಡಿ ಹೇಳುತ್ತಾರೆ, ಸುಖವಾಗಿರುತ್ತಾರೆ. ನಮ್ಮದು ದೈಹಿಕ ಶಿಕ್ಷಣ ವಿಭಾಗ. ಹೆಸರು ಮಾರುದ್ದ, ಇರುವವರು ಒಬ್ಬರೇ. ಕೋಣೆ ಮೆಟ್ಟಿಲ ಕೆಳಗಿರುತ್ತದೆ. ತುಕ್ಕು ಹಿಡಿದ ಜಾವೆಲಿನ್, ಗಾಳಿ ಹೋದ ವಾಲಿಬಾಲು, ಗಣರಾಜ್ಯೋತ್ಸವದ ಬಾವುಟದ ಕೋಲು, ಇವುಗಳ ನಡುವೆ ನಿಮ್ಮ ಕುರ್ಚಿ. ಪಿ.ಡಿ. ಹೆಂಗಸಾಗಿದ್ದರೆ ಒಂಟಿತನ ಇನ್ನೊಂದು ಹಿಡಿ ಜಾಸ್ತಿ.

ನಾನು ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಇದೇ ಕೆಲಸ ಮಾಡಿ ನಿವೃತ್ತಳಾದವಳು. ಹುಡುಗರು ವನಜಾ ಮೇಡಂ ಅನ್ನುತ್ತಿದ್ದರು. ಬೆನ್ನ ಹಿಂದೆ ಏನನ್ನುತ್ತಿದ್ದರೋ ವಿಚಾರಿಸಲು ಹೋಗಲಿಲ್ಲ. ಬಡ್ತಿ ಬಂದದ್ದು, ಸನ್ಮಾನ ಆದದ್ದು ಇಲ್ಲಿ ಬರೆಯುವುದಿಲ್ಲ. ನಮ್ಮ ಕೆಲಸದಲ್ಲಿ ಬಡ್ತಿ ಬಂದರೂ ಅದೇ ವಿಸಿಲ್ಲು, ಅದೇ ಬಿಸಿಲು. ಬರೆಯಬೇಕಾದದ್ದು ನನ್ನ ಫುಟ್‌ಬಾಲ್ ತಂಡದ ಬಗ್ಗೆ, ಅದರಲ್ಲೂ ಮೂವರು ಹಾಫ್‌ಗಳ ಬಗ್ಗೆ.

ನಾನು ಹುಟ್ಟಿ ಬೆಳೆದದ್ದು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ. ಅಪ್ಪ ಫಿಟ್ಟರ್. ನಮ್ಮ ಸಾಲಿನಲ್ಲಿ ತಮಿಳರು, ತೆಲುಗರು, ಮುಸ್ಲಿಮರು, ಒಕ್ಕಲಿಗರು, ಲಿಂಗಾಯತರು ಎಲ್ಲ ಇದ್ದರು. ನಮಗೆ ಎಲ್ಲ ಭಾಷೆಯಲ್ಲೂ ಬೈಯಲು ಬರುತ್ತಿತ್ತು, ಪರೀಕ್ಷೆ ಬರೆಯಲು ಯಾವುದರಲ್ಲೂ ಬರುತ್ತಿರಲಿಲ್ಲ. ಶಿವಮೊಗ್ಗದವರಿಗೆ ಕ್ರಿಕೆಟ್ಟಿನ ಹುಚ್ಚು, ನಮಗೆ ಫುಟ್‌ಬಾಲಿನದು. ಗಂಡಸರು ಶಿಫ್ಟು ಮುಗಿಸಿ ಬಂದು, ಚಹಾ ಕುಡಿದು, ಬರಿಗಾಲಲ್ಲಿ ಆಡುತ್ತಿದ್ದರು. ಅವರು ಆಡಿ ಮುಗಿಸಿದ ಮೇಲೆ ಮಕ್ಕಳ ಸರದಿ. ನಾನೂ ಆಡಿದೆ. ದೊಡ್ಡವಳಾದಾಗ ಅಜ್ಜಿ ಚಡ್ಡಿ ಕಿತ್ತಿಟ್ಟುಕೊಂಡು ಲಂಗ ಕೊಟ್ಟಳು. ಆಮೇಲೆ ಶಾಲೆಯಲ್ಲಿ ಓಟಕ್ಕೆ ಸೇರಿದೆ. ಓಡುತ್ತ ಓಡುತ್ತ ಬಿ.ಪಿ.ಎಡ್. ಮುಗಿಸಿ ಈ ಕೆಲಸಕ್ಕೆ ಬಂದು ಬಿದ್ದೆ.

ಕಾಲೇಜಿನ ತಂಡದಲ್ಲಿ ಹೆಚ್ಚಿನವರು ಭದ್ರಾವತಿಯಿಂದ ಬಸ್ಸು ಹತ್ತಿ ಬರುವ ಹುಡುಗರೇ. ನಾನು ಅದೇ ಕ್ವಾರ್ಟರ್ಸಿನವಳು ಎಂದು ಅವರಿಗೆ ಹೇಳಲಿಲ್ಲ. ಹೇಳಿದರೆ ಅಕ್ಕ ಅನ್ನುತ್ತಾರೆ, ನಮ್ಮಪ್ಪನ ಹೆಸರು ಹಿಡಿದು ನೆಂಟಸ್ತನ ಹುಡುಕುತ್ತಾರೆ, ಆಮೇಲೆ ಗ್ರೌಂಡ್ ಸುತ್ತು ಅಂದರೆ ಸುತ್ತುವುದಿಲ್ಲ. ಮದುವೆಯಾಗದ ಹೆಂಗಸು ಗಂಡುಹುಡುಗರ ತಂಡ ನಡೆಸುವುದನ್ನು ಸ್ಟಾಫ್ ರೂಮು ಆಗಲೇ ಬಾಯಿ ಚಪ್ಪರಿಸಿಕೊಂಡು ನೋಡುತ್ತಿತ್ತು. ಹಾಗಾಗಿ ಮುಖ ಗಂಟು ಹಾಕಿಕೊಂಡೇ ಇದ್ದೆ. ಹೊರಗಿನ ಊರಿಗೆ ಆಡಲು ಹೋದಾಗ ಹುಡುಗರು ಬಸ್ಸಿನ ಹಿಂದೆ ಹಾಡು ಹೇಳುತ್ತಿದ್ದರು, ನಾನು ಮುಂದಿನ ಸೀಟಿನಲ್ಲಿ ಚೆಂಡಿನ ಚೀಲದ ಪಕ್ಕ ಕೂತಿರುತ್ತಿದ್ದೆ. ಚಹಾದಂಗಡಿಗೆ ನಾನು ಹೋದರೆ ಅವರ ನಗು ನಿಲ್ಲುತ್ತಿತ್ತು. ಅವರ ನಗು ನಿಲ್ಲದಿರಲಿ ಎಂದು ನಾನೇ ಆಮೇಲೆ ಹೋಗಿ ಕುಡಿಯುತ್ತಿದ್ದೆ.

ಆದರೂ ಸಂಜೆಯ ಆ ಹೊತ್ತೇ ನನಗೆ ಬೇಕಾಗಿತ್ತು. ಅಪ್ಪ ಅಮ್ಮ ತೀರಿಕೊಂಡಿದ್ದರು, ತಂಗಿ ಹುಬ್ಬಳ್ಳಿಯ ತನ್ನ ಸಂಸಾರದಲ್ಲಿ ಮುಳುಗಿದ್ದಳು. ಶಿವಮೊಗ್ಗದ ಆಲ್ಕೊಳದಲ್ಲಿ ಒಂದು ಮಹಡಿ ಮನೆ ಬಾಡಿಗೆಗೆ ಹಿಡಿದಿದ್ದೆ. ಭಾನುವಾರ ಇಡೀ ದಿನ ನನ್ನ ಗಂಟಲಿನಿಂದ ಒಂದು ಮಾತೂ ಹೊರಡದೆ ಸೋಮವಾರ ವಿಸಿಲ್ ಊದುವಾಗ ಬಾಯಿ ಒಣಗಿರುತ್ತಿತ್ತು. ಸೋಮವಾರದಿಂದ ಶನಿವಾರದವರೆಗೆ ಮಾತ್ರ ಸಂಜೆ ಗ್ರೌಂಡಿನಲ್ಲಿ ನಾನು ಕೂಗುತ್ತಿದ್ದೆ, ಯಾರೋ ತಿರುಗಿ ನೋಡುತ್ತಿದ್ದರು. ಆ ತಂಡ ಬಿಟ್ಟರೆ ನನ್ನವರು ಅಂತ ಯಾರೂ ಇರಲಿಲ್ಲ. ಇದನ್ನು ಬೇರೆ ಮಾತಿನಲ್ಲಿ ಹೇಳಲು ನನಗೆ ಬರುವುದಿಲ್ಲ.

ಈಗ ಹಾಫ್‌ಗಳ ವಿಷಯ. ಫುಟ್‌ಬಾಲ್ ಗೊತ್ತಿಲ್ಲದವರಿಗೂ ಅರ್ಥವಾಗಲಿ ಎಂದು ಹೇಳುತ್ತೇನೆ. ಮುಂದಿನ ಸಾಲಿನವರು ಗೋಲು ಹೊಡೆಯುವವರು, ಹಿಂದಿನ ಸಾಲಿನವರು ನಮ್ಮ ಗೋಲಿನ ಮುಂದೆ ಕಾವಲು ನಿಲ್ಲುವವರು. ನಡುವೆ ಇರುವವರು ಹಾಫ್‌ಗಳು. ಅವರಿಗೆ ಎರಡು ಕೆಲಸ. ಎದುರು ಬಂದವನ ಕಾಲಿನಿಂದ ಚೆಂಡು ಕಸಿಯುವುದು ಒಂದು. ತಲೆಯ ಮೇಲಿಂದ ಹಾರಿ, ತಮ್ಮ ಬೆನ್ನ ಹಿಂದಿನ ಖಾಲಿ ಜಾಗಕ್ಕೆ ಬೀಳಲಿರುವ ಪಾಸನ್ನು ಊಹಿಸಿ, ಅದು ಬೀಳುವ ಮೊದಲೇ ಅಲ್ಲಿ ಹೋಗಿ ನಿಲ್ಲುವುದು ಇನ್ನೊಂದು. ಮೊದಲ ಕೆಲಸದಲ್ಲಿ ನಮ್ಮವರು ಹುಲಿಗಳು. ತ್ಯಾವರೆಕೊಪ್ಪದ ಸಫಾರಿಯಲ್ಲಿ ಹೊತ್ತುಹೊತ್ತಿಗೆ ಮಾಂಸ ತಿಂದು ಮಲಗುವ ಹುಲಿಗಳಲ್ಲ, ಹಸಿದವು. ಸೆಂಟರ್ ಹಾಫ್ ಅಫ್ರೋಜ್ ತಂಡದ ಕ್ಯಾಪ್ಟನ್ನು, ಕಾರ್ಖಾನೆಯ ವೆಲ್ಡಿಂಗ್ ಶಾಪಿನವರ ಮಗ, ಗಿಡ್ಡ, ಗಟ್ಟಿ. ಅವನನ್ನು ದಾಟಿ ಚೆಂಡು ಒಯ್ಯುವುದು ಅಂದರೆ ಮುಚ್ಚಿದ ಬಾಗಿಲಿನಲ್ಲಿ ನುಗ್ಗಿದ ಹಾಗೆ. ಎಡಗಡೆ ಮುರುಗೇಶ, ಉದ್ದ ಕಾಲು, ಉದ್ದ ನಾಲಿಗೆ. ಬಲಗಡೆ ಗಿರೀಶ, ಮಾತಿಲ್ಲದ ಹುಡುಗ.

ಎರಡನೆಯ ಕೆಲಸದಲ್ಲಿ ಮಾತ್ರ ಮೂವರೂ ಶುದ್ಧ ದಡ್ಡರು. ಚೆಂಡು ತಲೆಯ ಮೇಲಿಂದ ಹೋಯಿತೋ, ಅದಕ್ಕೂ ತಮಗೂ ಇನ್ನು ಸಂಬಂಧವಿಲ್ಲ ಅನ್ನುವಂತೆ ನಿಂತುಬಿಡುತ್ತಿದ್ದರು. ನಿಂತು ಸೊಂಟದ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದರು. ಅಷ್ಟರಲ್ಲಿ ಎದುರಾಳಿ ಹಿಂದಿನಿಂದ ನುಸುಳಿ ಗೋಲು ಹೊಡೆದು ಕುಣಿಯುತ್ತಿದ್ದ. ಗೋಲು ಕಾಯುವ ಗೋಲಿ ಮಂಜ ಆಯನೂರು ಕಡೆಯ ಸಾಧು ಹುಡುಗ. ಅವನೇ ಒಂದು ದಿನ ಗ್ಲೌಸ್ ಬಿಚ್ಚಿ ನೆಲಕ್ಕೆ ಎಸೆದ. "ನಾನೊಬ್ಬ ಆಡೋದಾದ್ರೆ ಇವರೆಲ್ಲ ಯಾಕ್ ಬೇಕು ಮೇಡಂ? ಮನೆಗ್ ಕಳಿಸಿ."

ಮೊದಲ ವರ್ಷ ನಾನು ಮಾಡಿದ ಮದ್ದು ಕೇಳಿದರೆ ನಗುತ್ತೀರಿ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ನಾನು ಓಟಗಾರ್ತಿ, ನನಗೆ ಗೊತ್ತಿದ್ದದ್ದು ಓಟ. ಹುಡುಗರಿಗೆ ದಮ್ಮು ಸಾಲದು ಎಂದು ತಿಂಗಳುಗಟ್ಟಲೆ ಓಡಿಸಿದೆ. ತುಂಗೆಯ ಸೇತುವೆಯವರೆಗೆ ಓಡಿಸಿದೆ, ಮೆಟ್ಟಿಲು ಹತ್ತಿಸಿದೆ. ಪಂದ್ಯದ ದಿನ ನೋಡಿದರೆ ಮೂವರೂ ಮೊದಲಿಗಿಂತ ಜೋರಾಗಿ ಓಡುತ್ತಿದ್ದರು, ಮುಂದಕ್ಕೆ. ಹಿಂದಿನ ಖಾಲಿ ಜಾಗ ಇನ್ನೂ ದೊಡ್ಡದಾಯಿತು. ಸುಲಭದ ತಂಡದ ಕೈಲೂ ಸೋತು ಬಂದೆವು. ಹೊಸ ಪಿ.ಡಿ.ಗಳೇ, ನಿಮಗೆ ಯಾವುದು ಬರುತ್ತದೋ ಅದನ್ನೇ ಹುಡುಗರ ರೋಗಕ್ಕೆ ಮದ್ದು ಅಂದುಕೊಳ್ಳಬೇಡಿ.

ಆಮೇಲೆ ಬೈಗುಳದ ಮದ್ದು. ಅಫ್ರೋಜನನ್ನು ನಿಲ್ಲಿಸಿಕೊಂಡು ಕೇಳಿದೆ.

"ಚೆಂಡು ಹಿಂದೆ ಹೋದ್ರೆ ತಿರುಗಿ ಓಡೋಕೆ ನಿಂಗೇನು ಬೇನೆ?"

"ಬೇನೆ ಏನಿಲ್ಲ ಮೇಡಂ. ತಿರುಗಬೇಕು ಅಂತ ಗೊತ್ತೈತೆ. ಕಾಲು ನಿಂತ್ಕೊಂಡ್‌ಬಿಡುತ್ತೆ."

"ಕಾಲು ಯಾರದ್ದೋ?"

"ನಂದೇ ಮೇಡಂ." ತಲೆ ತಗ್ಗಿಸಿದ. ಸುಳ್ಳು ಹೇಳುವ ಹುಡುಗನಲ್ಲ ಅವನು. ಅದೇ ನನಗೆ ತಲೆನೋವು. ಬೇಕೆಂದೇ ಮಾಡುವವನಿಗೆ ಬೈಯಬಹುದು, ಗೊತ್ತಿದ್ದೂ ಕಾಲು ನಿಲ್ಲುವವನಿಗೆ ಏನು ಮಾಡುವುದು?

ಶಿವಮೊಗ್ಗದಲ್ಲಿ ಆಗ ಒಬ್ಬ ಹಿರಿಯ ಕೋಚ್ ಇದ್ದರು. ದೊಡ್ಡ ತಂಡಗಳನ್ನು ನೋಡಿದವರು. ಅವರನ್ನು ಬೇಡಿಕೊಂಡು ಒಂದು ಸಂಜೆ ಕರೆತಂದೆ. ಕುರ್ಚಿಯಲ್ಲಿ ಕೂತು ಎಳನೀರು ಕುಡಿಯುತ್ತ ನೋಡಿದರು. ಎದ್ದು ಹೊರಡುವಾಗ, "ನಿಮ್ಮ ನಡು ಸಾಲಿಗೆ ಬುದ್ಧಿ ಇಲ್ಲ ಮೇಡಂ. ಕಲಿಸಿದ್ರೆ ಬರೋದಲ್ಲ ಅದು. ಮೂವರನ್ನೂ ಕೂರಿಸಿ ಬೇರೆ ಹುಡುಗರನ್ನ ಹಾಕಿ," ಅಂದರು. ಮುರುಗೇಶ ಹತ್ತಿರದಲ್ಲೇ ಶೂ ದಾರ ಕಟ್ಟಿಕೊಳ್ಳುತ್ತಿದ್ದ, ಕೇಳಿಸಿಕೊಂಡ. ಅವತ್ತು ಅವನ ಉದ್ದ ನಾಲಿಗೆ ಒಳಗೇ ಇತ್ತು. ಆ ಮೂವರನ್ನು ಕೂರಿಸಿದರೆ ಕ್ವಾರ್ಟರ್ಸಿನ ಅಪ್ಪನ ಸಾಲನ್ನೇ ಎಬ್ಬಿಸಿ ಕಳಿಸಿದಂತೆ ಎಂದು ನನಗನ್ನಿಸಿತು. ಅದನ್ನು ಆ ಕೋಚ್ ಮುಂದೆ ಹೇಳುವಂತಿರಲಿಲ್ಲ.

ಅದೇ ವರ್ಷ ಕಾಲೇಜಿಗೆ ಹೊಸ ಪ್ರಿನ್ಸಿಪಾಲರು ಬಂದರು. ಶಿಸ್ತಿನ ಮನುಷ್ಯ, ಕೆಟ್ಟವರಲ್ಲ. ಅಂಗಿಯ ಗುಂಡಿ ಬಿಚ್ಚಿದ ಹುಡುಗನನ್ನು ಕಂಡರೆ ತಾವೇ ಹಾಕುತ್ತಿದ್ದರು. ನನ್ನನ್ನು ಕರೆಸಿ ಕಿಟಕಿಯಿಂದ ಗ್ರೌಂಡ್ ತೋರಿಸಿದರು.

"ಇಷ್ಟು ಜಾಗ ಬರೀ ಫುಟ್‌ಬಾಲಿಗೆ ಯಾಕ್ ಮೇಡಂ? ಎರಡು ಥ್ರೋಬಾಲ್ ಕೋರ್ಟ್ ಆಗುತ್ತೆ. ಹೆಣ್ಮಕ್ಳು ಆಡ್ತಾರೆ, ಕಪ್ಪೂ ಬರುತ್ತೆ."

"ಹೆಣ್ಮಕ್ಳು ಫುಟ್‌ಬಾಲೂ ಆಡ್ತಾರೆ ಸರ್," ಅಂದೆ. ಅದು ಅವರಿಗೆ ತಮಾಷೆಯಾಗಿ ಕೇಳಿಸಿತು.

"ಈ ಸಲ ವಲಯ ಪಂದ್ಯ ಗೆದ್ದು ಬನ್ನಿ. ಆಮೇಲೆ ನೋಡಣ. ಇಲ್ಲಾಂದ್ರೆ ಮುಂದಿನ ವರ್ಷದಿಂದ ಫುಟ್‌ಬಾಲ್ ತಂಡ ಬೇಡ."

ಮೆಟ್ಟಿಲಿಳಿದು ನನ್ನ ಕೋಣೆಗೆ ಬಂದು ಕೂತೆ. ತಂಡ ಹೋದರೆ ಸಂಜೆ ನಾನು ಏನು ಮಾಡುವುದು? ಅದೊಂದೇ ಯೋಚನೆ. ಹುಡುಗರ ಭವಿಷ್ಯ, ಕಾಲೇಜಿನ ಕೀರ್ತಿ ಎಂದು ಸಭೆಯಲ್ಲಿ ಹೇಳುತ್ತಿದ್ದೆನಲ್ಲ, ಅದೊಂದೂ ಆ ಹೊತ್ತಿನಲ್ಲಿ ತಲೆಗೆ ಬರಲಿಲ್ಲ.

ರೋಗದ ಬೇರು ಸಿಕ್ಕಿದ್ದು ಅದಾದ ಕೆಲವು ದಿನಗಳಿಗೆ. ಅವತ್ತೂ ಅದೇ ತಪ್ಪು, ಅದೇ ಸೊಂಟದ ಮೇಲೆ ಕೈ. ತಾಳ್ಮೆ ಕೆಟ್ಟಿತು. ದುಪಟ್ಟಾ ಸೊಂಟಕ್ಕೆ ಬಿಗಿದು ಅಫ್ರೋಜನನ್ನು ಪಕ್ಕಕ್ಕೆ ಸರಿಸಿ ಅವನ ಜಾಗದಲ್ಲಿ ನಾನೇ ನಿಂತೆ. ಅಲ್ಲಿಯವರೆಗೆ ಅವರ ಮುಂದೆ ನಾನು ಚೆಂಡು ಒದ್ದವಳಲ್ಲ.

"ಮುರುಗೇಶ, ನನ್ ತಲೆ ಮೇಲಿಂದ ಹಾಕೋ. ಹೇಗೆ ತಿರುಗಬೇಕು ತೋರಿಸ್ತೀನಿ."

"ಬೀಳ್ತೀರ ಮೇಡಂ."

"ಹಾಕೋ ಮಾರಾಯ!"

ಹಾಕಿದ. ಚೆಂಡು ಚೆಂದವಾಗಿ ಎದ್ದು ನನ್ನ ತಲೆಯ ಮೇಲಿಂದ ಹೋಯಿತು. ನಾನು ನಿಂತುಬಿಟ್ಟೆ. ನಿಂತದ್ದಷ್ಟೇ ಅಲ್ಲ, ಬಲಗೈ ಮೇಲೆತ್ತಿ, ಇಡೀ ಗ್ರೌಂಡಿಗೆ ಕೇಳುವ ಹಾಗೆ "ಬಂಗ್ಲೆ!" ಎಂದು ಕೂಗಿದೆ.

ನಾನು ಕೈ ಎತ್ತಿಕೊಂಡೇ ನಿಂತಿದ್ದೆ. ಮುರುಗೇಶ ಎರಡು ಹೆಜ್ಜೆ ಹತ್ತಿರ ಬಂದು ನನ್ನ ಮುಖ ನೋಡಿ, "ಮೇಡಂ, ನೀವ್ ಯಾವ ಲೈನು?" ಅಂದ.

ಇದು ಕ್ವಾರ್ಟರ್ಸಿನವರಿಗೆ ಮಾತ್ರ ಗೊತ್ತಿರುವ ವಿಷಯ, ಬಿಡಿಸಿ ಹೇಳುತ್ತೇನೆ. ನಾವು ಆಡುತ್ತಿದ್ದ ಜಾಗ ಎರಡು ಲೈನುಗಳ, ಅಂದರೆ ಮನೆ ಸಾಲುಗಳ, ನಡುವಿನ ಚಿಕ್ಕ ಬಯಲು. ಒಂದು ಕೊನೆಗೆ ಆಫೀಸರರ ಬಂಗ್ಲೆಯ ಕಾಂಪೌಂಡು, ಒಳಗೆ ನಾಯಿ, ನಾಯಿಗಿಂತ ಕೆಟ್ಟ ಮಾಲಿ. ಇನ್ನೊಂದು ಕೊನೆಗೆ ದೊಡ್ಡ ಮೋರಿ. ಚೆಂಡನ್ನು ಎತ್ತಿ ಹೊಡೆದರೆ ಬಂಗ್ಲೆಗೋ ಮೋರಿಗೋ ಹೋಗಿ ಬೀಳುತ್ತಿತ್ತು. ಅದಕ್ಕೇ ಹಿರಿಯರು ಒಂದು ಕಾನೂನು ಮಾಡಿದ್ದರು: ತಲೆಯ ಮೇಲಿಂದ ಹೋದ ಚೆಂಡು ಔಟ್. ನೋಡಿದವನು ಕೈಯೆತ್ತಿ "ಬಂಗ್ಲೆ" ಅನ್ನಬೇಕು, ಆಟ ನಿಲ್ಲಬೇಕು, ಹೊಡೆದವನೇ ಹೋಗಿ ತರಬೇಕು. ಅಪ್ಪಂದಿರು ಹಾಗೆ ಆಡಿದರು, ಮಕ್ಕಳು ಹಾಗೇ ಕಲಿತರು. ನೆಲದ ಮೇಲಿನ ಚೆಂಡು ಕಸಿಯಲು ನಮ್ಮಷ್ಟು ಗಟ್ಟಿಗರು ಜಿಲ್ಲೆಯಲ್ಲೇ ಇರಲಿಲ್ಲ, ಆ ಬಯಲಿನಲ್ಲಿ ಅದೊಂದೇ ಆಟ. ಬೆನ್ನ ಹಿಂದೆ ಜಾಗ ಇದೆ ಅನ್ನುವುದೇ ನಮ್ಮ ಕಾಲಿಗೆ ಗೊತ್ತಿರಲಿಲ್ಲ. ಊರಿಗೆಲ್ಲ ಒಂದು ದಾರಿಯಾದರೆ ನಮ್ಮ ಕ್ವಾರ್ಟರ್ಸಿಗೇ ಒಂದು ದಾರಿ.

ಬುದ್ಧಿ ಇಲ್ಲ ಅಂದಿದ್ದರಲ್ಲ ಆ ಕೋಚ್. ಬುದ್ಧಿಯ ಪ್ರಶ್ನೆಯೇ ಅಲ್ಲ ಅದು, ಅಭ್ಯಾಸ. ಅದೂ ಎರಡು ತಲೆಮಾರಿನದು. ಬಿ.ಪಿ.ಎಡ್. ಮಾಡಿದ ನನ್ನ ಕಾಲಿನಲ್ಲೂ ಅದು ಹಾಗೇ ಕೂತಿತ್ತು.

"ಫಿಟ್ಟರ್ ರಂಗಪ್ಪನ ಮಗಳು," ಅಂದೆ. ಇನ್ನೇನು ಮುಚ್ಚಿಡುವುದು.

ಅಫ್ರೋಜ್ ಕಣ್ಣರಳಿಸಿದ. "ರಂಗಪ್ಪಜ್ಜ? ನಮ್ಮಬ್ಬಾ ಅವರ ಕೈಕೆಳಗೇ ಕೆಲ್ಸ ಕಲ್ತಿದ್ದು! ಮತ್ತೆ ಇಷ್ಟ್ ದಿನ ಯಾಕ್ ಹೇಳ್ಲಿಲ್ಲ ಅಕ್ಕ?" ಅಂದವನು ನಾಲಿಗೆ ಕಚ್ಚಿಕೊಂಡು "ಮೇಡಂ" ಅಂದ. ಆಗ ಶುರುವಾಯಿತು ನಗು. ಗಿರೀಶ ಕೂಡ ನೆಲಕ್ಕೆ ಕೂತು ನಕ್ಕ. "ಬಂಗ್ಲೆ!" ಎಂದು ಒಬ್ಬೊಬ್ಬರೂ ನನ್ನ ಹಾಗೆ ಕೈಯೆತ್ತಿ ತೋರಿಸುತ್ತಿದ್ದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನಗೆ ಹಾಗೆ ಅನ್ನಲೂ ಬಾಯಿರಲಿಲ್ಲ. ನಾನೂ ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು. ಅವರ ಜೊತೆ ಚಹಾ ಕುಡಿದದ್ದು ಅವತ್ತೇ ಮೊದಲು. ಮುಖ ಗಂಟು ಹಾಕಿಕೊಂಡು ಕಳೆದ ವರ್ಷಗಳೆಲ್ಲ ದಂಡವೆನ್ನಿಸಿತು.

ರೋಗ ಗೊತ್ತಾದ ಮೇಲೆ ಮದ್ದು ಮಾಡುವುದು ಕಷ್ಟವಾಗಲಿಲ್ಲ, ಬೇಜಾರಿನ ಕೆಲಸವಾಗಿತ್ತು ಅಷ್ಟೆ. ದಿನಾ ಹಿಮ್ಮುಖವಾಗಿ ನಡೆಸಿದೆ, ಹಿಮ್ಮುಖವಾಗಿ ಓಡಿಸಿದೆ. ಎತ್ತಿ ಹೊಡೆದ ಚೆಂಡನ್ನು ಬಿಟ್ಟು ಬೇರೆ ಚೆಂಡನ್ನೇ ಆಡಿಸಲಿಲ್ಲ. ಅದಕ್ಕಿಂತ ಮುಖ್ಯವಾದದ್ದು ಬಾಯಿ ಬಿಡಿಸುವುದು. ನಿಮ್ಮ ಬೆನ್ನು ನಿಮಗೆ ಕಾಣುವುದಿಲ್ಲ. ಹಿಂದೆ ಇರುವವನಿಗೆ ಕಾಣುತ್ತದೆ. ಅವನು ಕೂಗಬೇಕು, ನೀವು ತಿರುಗಿ ನೋಡದೆ ನಂಬಬೇಕು. ಪಾಸು ತಡೆಯುವ ವಿದ್ಯೆಯಲ್ಲಿ ಅರ್ಧಕ್ಕಿಂತ ಹೆಚ್ಚು ಇಷ್ಟೇ.

ಅದರಲ್ಲೂ ಒಂದು ಫಜೀತಿ. ಗಾಬರಿಯಾದಾಗ ಒಬ್ಬೊಬ್ಬನ ಬಾಯಲ್ಲಿ ಒಂದೊಂದು ಭಾಷೆ. ಮುರುಗೇಶ ತಮಿಳಿನಲ್ಲಿ "ಪಿನ್ನಾಡಿ! ಪಿನ್ನಾಡಿ!" ಅಂತಾನೆ, ಅಫ್ರೋಜ್ ಉರ್ದುವಿನಲ್ಲಿ "ಪೀಛೇ!" ಅಂತಾನೆ, ಗೋಲಿ ಮಂಜ "ಹಿಂದ್ಗಡೆ ನೋಡ್ರೋ" ಎಂದು ಪೂರ್ತಿ ವಾಕ್ಯ ಹೇಳುವುದರೊಳಗೆ ಗೋಲು ಬಿದ್ದಿರುತ್ತದೆ. ಪಂಚಾಯ್ತಿ ನಡೆಯಿತು.

"ಪಿನ್ನಾಡಿ ಅಂದ್ರೆ ಎಲ್ಲಾರ್ಗೂ ಗೊತ್ತಾಗುತ್ತೆ ಮೇಡಂ," ಅಂದ ಮುರುಗೇಶ.

"ನಿಂಗ್ ಗೊತ್ತಾಗುತ್ತೆ. ಆಯನೂರಿನೋರಿಗೆ?" ಅಂದ ಮಂಜ.

ಕೊನೆಗೆ "ಬೆನ್ನು" ಎಂದಷ್ಟೇ ಕೂಗುವುದೆಂದು ತೀರ್ಮಾನ ಮಾಡಿದೆ. ಚಿಕ್ಕ ಮಾತು, ಯಾರ ಮನೆಯದ್ದೂ ಅಲ್ಲ. ಒಂದು ವಾರದಲ್ಲಿ ಗ್ರೌಂಡಿನ ತುಂಬ ಬೆನ್ನು, ಬೆನ್ನು. ಪಕ್ಕದ ರಸ್ತೆಯಲ್ಲಿ ಹೋಗುವವರು ಇವರಿಗೆ ಸೊಂಟ ಹಿಡಿದಿದೆ ಅಂದುಕೊಂಡಿರಬೇಕು.

ಮಳೆಗಾಲ ಮುಗಿಯುವ ಹೊತ್ತಿಗೆ ಅಫ್ರೋಜ್ ಒಂದು ಸಂಜೆ ತನ್ನಷ್ಟಕ್ಕೆ ತಿರುಗಿದ. ಯಾರೂ ಕೂಗಿರಲಿಲ್ಲ. ಚೆಂಡು ಇನ್ನೂ ಎದುರಾಳಿಯ ಕಾಲಿನಲ್ಲೇ ಇತ್ತು, ಇವನು ಆಗಲೇ ಹಿಂದಿನ ಜಾಗದ ಕಡೆ ಹೊರಟಿದ್ದ. ಪಾಸು ಬಂತು, ಇವನು ಅಲ್ಲಿದ್ದ, ಎದೆಯ ಮೇಲೆ ತೆಗೆದುಕೊಂಡು ಮಂಜನಿಗೆ ಕೊಟ್ಟ. ಏನೂ ಆಗಿಲ್ಲವೆಂಬಂತೆ ಆಟ ಮುಂದುವರಿಯಿತು. ಆ ಕೆಲಸ ಮಾಡಿಕೊಂಡು ಬಂದ ಇಷ್ಟು ವರ್ಷಗಳಲ್ಲಿ ನನಗೆ ಅಷ್ಟು ಸಂತೋಷ ಇನ್ಯಾವತ್ತೂ ಆಗಿರಲಿಲ್ಲ.

ವಲಯ ಪಂದ್ಯ ದಾವಣಗೆರೆಯಲ್ಲಿ. ಫೈನಲ್‌ವರೆಗೆ ಬಂದೆವು. ಎದುರಿನ ತಂಡದವರು ಹಿಂದಿನ ವರ್ಷ ನಮ್ಮ ತಲೆಯ ಮೇಲಿಂದಲೇ ಚೆಂಡು ಹಾಕಿ ಹಾಕಿ ಗೆದ್ದವರು. ಈ ಸಲವೂ ಅದೇ ಉಪಾಯ. ಮೊದಲ ಚೆಂಡು ಬಂತು, ಮಂಜ "ಬೆನ್ನು!" ಅಂದ, ಮುರುಗೇಶ ತಿರುಗಿದ, ತಡೆದ. ಎರಡನೆಯದಕ್ಕೆ ಅಫ್ರೋಜ್. ಆಮೇಲೆ ಗಿರೀಶ, ಮಾತೇ ಆಡದ ಹುಡುಗ, ಗಂಟಲು ಹರಿಯುವ ಹಾಗೆ ಕೂಗಿದ. ಆಟ ಮುಗಿಯುವವರೆಗೂ ಅವರು ಹಾಕುತ್ತಲೇ ಇದ್ದರು, ಇವರು ತಿರುಗುತ್ತಲೇ ಇದ್ದರು. ಗೋಲಾಗಲಿಲ್ಲ. ನೋಡುವವರಿಗೆ ಬೇಸರ ಬಂದು ಕಡಲೆಕಾಯಿ ತಿನ್ನುತ್ತಿದ್ದರು. ಯಾರೋ ಹಿಂದಿನಿಂದ, "ಏನ್ ಆಟನಪ್ಪ ಇದು, ಒಂದೂ ಗೋಲಿಲ್ಲ," ಅಂದದ್ದು ಕೇಳಿಸಿತು. ಆಗದೆ ಹೋದ ಆ ಗೋಲುಗಳನ್ನು ನಾನು ಒಬ್ಬಳೇ ನೋಡುತ್ತಿದ್ದೆ.

ನಮ್ಮ ಮುಂದಿನ ಸಾಲಿನವರೂ ಗೋಲು ಹೊಡೆಯಲಿಲ್ಲ. ಟೈಬ್ರೇಕರ್‌ಗೆ ಹೋಯಿತು. ಮುರುಗೇಶನ ಒದೆತ ಕಂಬಕ್ಕೆ ಬಡಿದು ಹೊರಗೆ ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಮರುದಿನ ಪ್ರಿನ್ಸಿಪಾಲರ ಮುಂದೆ ನಿಂತೆ.

"ಸೋತ್ರಲ್ಲ ಮೇಡಂ."

"ಆಟದಲ್ಲಿ ನಮ್ ಮೇಲೆ ಒಂದೂ ಗೋಲ್ ಬೀಳ್ಲಿಲ್ಲ ಸರ್. ಹೋದ ವರ್ಷ ಇದೇ ಟೀಮು..."

"ನೀವ್ ಹಾಕಿದ್ದೆಷ್ಟು?"

"ಹಾಕ್ಲಿಲ್ಲ."

ಅವರು ಬೇಸರದಿಂದಲೇ ತಲೆ ಅಲ್ಲಾಡಿಸಿದರು. ಸೋತದ್ದಕ್ಕೆ ಕಪ್ಪು ಕೊಡುವುದಿಲ್ಲ, ಅವರದ್ದೂ ತಪ್ಪೆನ್ನಲಾರೆ. ಆದರೆ ನಮ್ಮ ಕಸುಬಿನಲ್ಲಿ ಇದೊಂದು ಅನ್ಯಾಯ ಇದೆ, ಹೊಸಬರು ತಿಳಿದಿರಬೇಕು. ಹೊಡೆದ ಗೋಲು ಎಲ್ಲರಿಗೂ ಕಾಣುತ್ತದೆ. ತಡೆದ ಪಾಸು ಯಾರಿಗೂ ಕಾಣುವುದಿಲ್ಲ, ಯಾಕೆಂದರೆ ಆಮೇಲೆ ಏನೂ ಆಗಿರುವುದಿಲ್ಲ.

ತಂಡ ಇನ್ನಿಲ್ಲ ಎಂದು ಹುಡುಗರಿಗೆ ಹೇಳಲು ಗ್ರೌಂಡಿಗೆ ಹೋದೆ. ಅವರಿಗೆ ಮೊದಲೇ ಗೊತ್ತಾಗಿತ್ತು, ಕಾಲೇಜಿನಲ್ಲಿ ಇಂಥ ಸುದ್ದಿಗೆ ಕಾಲು ಬೇಗ. ಮುರುಗೇಶ ನನ್ನ ಮುಖ ನೋಡಲಿಲ್ಲ. "ಆ ಕಂಬಕ್ಕ್ ಹೊಡಿದೆ ಇದ್ದಿದ್ರೆ," ಎಂದು ಅಷ್ಟಕ್ಕೇ ನಿಲ್ಲಿಸಿದ. ಅಫ್ರೋಜ್ ಚೆಂಡನ್ನು ಕಂಕುಳಲ್ಲಿಟ್ಟುಕೊಂಡು ಕೇಳಿದ.

"ನಾವ್ ಸರಿಯಾಗಿ ಆಡಿದ್ವಲ್ಲ ಅಕ್ಕ?" ಈ ಸಲ ನಾಲಿಗೆ ಕಚ್ಚಿಕೊಳ್ಳಲಿಲ್ಲ.

"ಸರಿಯಾಗ್ ಆಡಿದ್ರಿ ಕಣೋ."

"ಮತ್ತೆ?"

ಚೆಂಡು ಇಸಿದುಕೊಂಡು ಚೀಲಕ್ಕೆ ಹಾಕಿದೆ. ಅವರು ಭದ್ರಾವತಿ ಬಸ್ಸಿಗೆ ಹೋದರು.

ರಜದಲ್ಲಿ ಗೋಲ್‌ಪೋಸ್ಟ್ ಕಿತ್ತರು. ಥ್ರೋಬಾಲ್ ಕೋರ್ಟ್ ಆಯಿತು. ಹೆಣ್ಣುಮಕ್ಕಳು ಚೆನ್ನಾಗಿ ಆಡಿದರು, ಕಪ್ಪೂ ತಂದರು, ಅದರಲ್ಲಿ ನನ್ನ ಶ್ರಮವೂ ಇತ್ತು. ಪಾಪ, ಆ ಹುಡುಗಿಯರ ಮೇಲೆ ನನಗೆ ಯಾವ ಸಿಟ್ಟೂ ಇರಲಿಲ್ಲ. ಆದರೆ ಅವರು ಹೋದ ಮೇಲೆ ಕೋರ್ಟಿನ ಪಕ್ಕ ನಿಂತರೆ ಎದೆ ಖಾಲಿ ಖಾಲಿ ಅನ್ನಿಸುತ್ತಿತ್ತು. ಹಾಫ್‌ಗಳು ಒಬ್ಬೊಬ್ಬರಾಗಿ ಚದುರಿದರು. ಅಫ್ರೋಜ್ ಹೊಸಪೇಟೆ ಕಡೆ ವೆಲ್ಡಿಂಗ್ ಕೆಲಸಕ್ಕೆ ಹೋದ. ಮುರುಗೇಶ ಕೊಯಮತ್ತೂರಿನ ಮಾವನ ವರ್ಕ್‌ಶಾಪ್ ಸೇರಿದ. ಗಿರೀಶ ಎಲ್ಲಿದ್ದಾನೋ ಯಾರಿಗೂ ಗೊತ್ತಿಲ್ಲ, ಅವನು ಯಾರಿಗೂ ಹೇಳಿ ಹೋಗುವವನಲ್ಲ. ಮೊದಮೊದಲು ಹಬ್ಬಕ್ಕೆ ಫೋನು ಬರುತ್ತಿತ್ತು, ಆಮೇಲೆ ಹೂವಿನ ಚಿತ್ರದ ಮೆಸೇಜು, ಆಮೇಲೆ ಅದೂ ನಿಂತಿತು. ಅವರದ್ದೇನೂ ತಪ್ಪಿಲ್ಲ, ಬದುಕು ಕಟ್ಟಿಕೊಳ್ಳಬೇಕಲ್ಲ. ಕಾರ್ಖಾನೆಯಲ್ಲಿ ಕೆಲಸ ಕಡಿಮೆಯಾಗಿ ಕ್ವಾರ್ಟರ್ಸೂ ಖಾಲಿಯಾಗುತ್ತ ಬಂದವು. ಒಮ್ಮೆ ನೋಡಲು ಹೋಗಿದ್ದೆ. ನಮ್ಮ ಮನೆಗೆ ಬಾಗಿಲಿರಲಿಲ್ಲ. ಮತ್ತೆ ಹೋಗಲಿಲ್ಲ.

ಈಗ ಈ ಕೆಲಸಕ್ಕೆ ಬರುವವರ ರೀತಿಯೇ ಬೇರೆ. ನನ್ನ ಜಾಗಕ್ಕೆ ಬಂದ ಹುಡುಗ ಚುರುಕಾಗಿದ್ದಾನೆ, ಎಲ್ಲವನ್ನೂ ಮೊಬೈಲಿನಲ್ಲಿ ತೆಗೆದು ಸಂಜೆ ಹುಡುಗರಿಗೆ ತೋರಿಸುತ್ತಾನೆ. ಒಳ್ಳೆಯದೇ, ನನಗೆ ಆ ಕಾಲದಲ್ಲಿ ಅದು ಸಿಕ್ಕಿದ್ದರೆ ಅಷ್ಟು ಗಂಟಲು ಹರಿಯುತ್ತಿರಲಿಲ್ಲ. ಅವನಿಗೆ ಒಂದೇ ಮಾತು ಹೇಳಿದೆ. ನಿನ್ನ ಮೊಬೈಲು ಚೆಂಡಿನ ಹಿಂದೆ ಹೋಗುತ್ತದಪ್ಪ, ಚೆಂಡಿಲ್ಲದ ಕಡೆ ಓಡಿದವನು ಅದರಲ್ಲಿ ಕಾಣುವುದಿಲ್ಲ, ಅವನನ್ನು ನೀನೇ ನೋಡಬೇಕು. ಅವನು "ಸರಿ ಮೇಡಂ" ಅಂದ, ಕೇಳಿಸಿಕೊಂಡನೋ ಇಲ್ಲವೋ.

ನನ್ನ ಬೀಳ್ಕೊಡುಗೆಗೆ ಶಾಲು, ಹಾರ, ಬುಟ್ಟಿ ತುಂಬ ಹಣ್ಣು ಕೊಟ್ಟರು. ಮೂವರು ಮಾತಾಡಿದರು. ಪಥಸಂಚಲನ ಹೊಗಳಿದರು, ಯೋಗ ದಿನ ಹೊಗಳಿದರು, ಥ್ರೋಬಾಲ್ ಕಪ್ಪುಗಳನ್ನು ಮೇಜಿನ ಮೇಲೆ ಜೋಡಿಸಿದ್ದರು. ಈ ಕಾಲೇಜಿನಲ್ಲಿ ಒಂದು ಫುಟ್‌ಬಾಲ್ ತಂಡ ಇತ್ತು ಎಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ. ಆಟೋದಲ್ಲಿ ಹಣ್ಣಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಮನೆಗೆ ಬಂದು, ಅಷ್ಟು ಹಣ್ಣು ಒಬ್ಬಳೇ ತಿನ್ನಲಾರದೆ ಕೆಳಗಿನ ಮನೆಯವರಿಗೆ ಕೊಟ್ಟೆ.

ಈಗ ಸಂಜೆಯಾದರೆ ಮನೆಯಲ್ಲಿ ಕೂರಲಾಗುವುದಿಲ್ಲ. ಕ್ರೀಡಾಂಗಣದಲ್ಲಿ ಯಾವುದಾದರೂ ಪಂದ್ಯ ಇದ್ದರೆ ಸಿಟಿ ಬಸ್ಸು ಹಿಡಿದು ಹೋಗಿ ಗ್ಯಾಲರಿಯಲ್ಲಿ ಕೂರುತ್ತೇನೆ. ನನ್ನ ವಯಸ್ಸಿನ ಹೆಂಗಸರು ಅಲ್ಲಿಗೆ ಬರುವುದಿಲ್ಲ. ನನ್ನ ಸುತ್ತ ಒಂದಿಷ್ಟು ಜಾಗ ಬಿಟ್ಟು ಜನ ಕೂರುತ್ತಾರೆ, ಯಾರದ್ದೋ ಅಜ್ಜಿ ಮೊಮ್ಮಗನ ಆಟ ನೋಡಲು ಬಂದಿದ್ದಾಳೆ ಅಂದುಕೊಂಡು.

ಮೊನ್ನೆ ಕಾಲೇಜು ತಂಡಗಳ ಪಂದ್ಯವೊಂದು ನಡೆಯುತ್ತಿತ್ತು. ಯಾವ ಕಾಲೇಜು ಎಂದು ನೋಡಲಿಲ್ಲ, ಹಸಿರು ಅಂಗಿಯವರು ಮತ್ತು ಬಿಳಿ ಅಂಗಿಯವರು. ಹಸಿರು ತಂಡದ ನಡುವೆ ಒಬ್ಬ ತೆಳ್ಳನೆಯ ಹುಡುಗ. ಆಟ ಆ ಬದಿಯ ಗೆರೆಯ ಹತ್ತಿರ ಇತ್ತು, ಎಲ್ಲರ ಕಣ್ಣೂ ಅಲ್ಲೇ. ಈ ಹುಡುಗ ಮಾತ್ರ ಒಮ್ಮೆ ಹಿಂದೆ ನೋಡಿ, ಖಾಲಿ ಜಾಗಕ್ಕೆ ಓಡಿದ. ಅಲ್ಲಿ ಯಾರೂ ಇರಲಿಲ್ಲ. ಮರುಕ್ಷಣ ಬಿಳಿ ಅಂಗಿಯವನೊಬ್ಬ ಚೆಂಡನ್ನು ಎತ್ತಿ ಅಲ್ಲಿಗೇ ಹಾಕಿದ. ಹುಡುಗ ಅಲ್ಲಿ ನಿಂತಿದ್ದ. ತಲೆಯಿಂದ ಮೆಲ್ಲಗೆ ಪಕ್ಕದವನಿಗೆ ಕೊಟ್ಟು ತನ್ನ ಜಾಗಕ್ಕೆ ಹೊರಟ. ನನ್ನ ಮುಂದಿನ ಸಾಲಿನವನು ಆಕಳಿಸಿ ಮೊಬೈಲು ತೆಗೆದ.

ನಾನು ಚಪ್ಪಾಳೆ ತಟ್ಟಿದೆ. ತಟ್ಟಬೇಕು ಎಂದು ಯೋಚಿಸಿ ತಟ್ಟಿದ್ದಲ್ಲ. ಇಡೀ ಗ್ಯಾಲರಿಯಲ್ಲಿ ಅದೊಂದೇ ಸದ್ದು. ಮುಂದಿನ ಸಾಲಿನವನು ತಿರುಗಿ, "ಏನಾಯ್ತಮ್ಮ, ಗೋಲ್ ಆಯ್ತಾ?" ಅಂದ.

"ಇಲ್ಲಪ್ಪ," ಅಂದೆ. "ಆಗ್ಲಿಲ್ಲ."

ಅಷ್ಟರಲ್ಲಿ ಗ್ರೌಂಡಿನಲ್ಲಿ ಆ ಹುಡುಗನೂ ನಿಂತಿದ್ದ. ಸದ್ದು ಎಲ್ಲಿಂದ ಬಂತೆಂದು ಕಣ್ಣಿಗೆ ಕೈ ಅಡ್ಡ ಹಿಡಿದು ಗ್ಯಾಲರಿಯನ್ನು ಒಂದು ಕಡೆಯಿಂದ ಹುಡುಕುತ್ತಿದ್ದ. ನನ್ನನ್ನು ದಾಟಿ ಅವನ ಕಣ್ಣು ಮುಂದೆ ಹೋಯಿತು, ಮತ್ತೆ ಹಿಂದೆ ಬಂತು. ಅವನಿಗೆ ಕಾಣಲಿ ಎಂದು ನಾನು ಎದ್ದು ನಿಂತೆ.